ಹೆಸರಿಲ್ಲದ ಬೇನೆ

ಮಳೆಗಾಲದಲ್ಲಿ ಕಡಲು ಎದ್ದಿತೆಂದರೆ ನಮ್ಮ ಉಪ್ಪುಂದದಲ್ಲಿ ಅದರ ಸದ್ದು ರಾತ್ರಿಯೆಲ್ಲ ಮನೆಯೊಳಗೆ ಕೇಳುತ್ತಿರುತ್ತದೆ. ದೋಣಿ ನೀರಿಗೆ ಇಳಿಯುವುದಿಲ್ಲ, ಕೈಯಲ್ಲಿ ಕಾಸಿರುವುದಿಲ್ಲ, ಆದರೆ ಹೊತ್ತು ಇರುತ್ತದೆ. ಬೇನೆ ಬೇಸರಿಕೆಗಳಿಗೆ ಮದ್ದು ಹುಡುಕಲು ನಮ್ಮ ಕಡಲ ಕರೆಯ ಜನ ಹೊರಡುವುದು ಹೆಚ್ಚಾಗಿ ಇಂಥ ದಿನಗಳಲ್ಲಿಯೇ.

ಎರಡು ವರ್ಷಗಳ ಹಿಂದೆ ಅಂಥದೊಂದು ಸಾಯಂಕಾಲ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗನನ್ನು ಸೊಂಟದ ಮೇಲೆ ಎತ್ತಿಕೊಂಡು ನಮ್ಮ ಜಗಲಿಗೆ ಬಂದಳು. ಹುಡುಗನಿಗೆ ಆರು ವರ್ಷ. ಆರು ವರ್ಷದವನನ್ನು ಎತ್ತಿಕೊಂಡು ಬಂದಳಲ್ಲಾ ಎಂಬುದೇ ಮೊದಲು ನನ್ನ ಕಣ್ಣಿಗೆ ಬಿದ್ದುದು. ಅವಳ ಇನ್ನೊಂದು ಕೈಯಲ್ಲಿ ಬಟ್ಟೆಯಂಗಡಿಯ ದೊಡ್ಡ ಪ್ಲಾಸ್ಟಿಕ್ ತೊಟ್ಟೆ. ಅದರ ತುಂಬ ಕಾಗದಗಳು. "ಮಾಷ್ಟ್ರೆ, ಇದ್ರಂಗೆ ಎಂತ ಬರ್ದಿದ್ರ್ ಅಂದ್ ಒಂಚೂರ್ ಓದಿ ಹೇಳಿ" ಎಂದು ಅದನ್ನು ನನ್ನ ಮುಂದಿಟ್ಟಳು.

ಮೂರು ವರ್ಷ ನಾನು ಅವಳಿಗೆ ಕನ್ನಡ ಕಲಿಸಿದವನು. ಓದಲು ಬಾರದ ಕಾಗದ ಮಾಷ್ಟ್ರಿಗೆ ಇರಲಾರದೆಂಬ ನಂಬಿಕೆ ಅವಳಿಗೆ ಆಗ ಬಂದದ್ದು ಇನ್ನೂ ಹೋಗಿರಲಿಲ್ಲ. ನಾನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಬಿಡಿಸಿ ನೋಡಿದೆ. ಐದು ಆಸ್ಪತ್ರೆಗಳ ಚೀಟಿ, ರಕ್ತಪರೀಕ್ಷೆಗಳು, ಒಂದು ಕಡೆ 'ಲಿವರಿನ ತೊಂದರೆ ಇರಬಹುದು', ಇನ್ನೊಂದು ಕಡೆ 'ಪೌಷ್ಟಿಕಾಂಶದ ಕೊರತೆ', ಮತ್ತೊಂದು ಕಡೆ 'ಬೆಳೆಯುತ್ತ ಸರಿಹೋದೀತು'. ಹಳಗನ್ನಡದ ಕಷ್ಟಪದ್ಯವನ್ನು ಅನ್ವಯಿಸಬಲ್ಲೆನೆಂದುಕೊಂಡಿದ್ದ ನನಗೆ ಆ ಕಾಗದಗಳ ಅನ್ವಯ ಆಗಲಿಲ್ಲ. ಆಗಲಿಲ್ಲವೆಂದು ಹೇಳಿದೆ. ಅವಳು ಬೇಸರಪಡಲಿಲ್ಲ. "ಇದಕ್ಕೊಂದ್ ಹೆಸ್ರಾರೂ ಸಿಕ್ರೆ ಸಾಕಿತ್ ಮಾಷ್ಟ್ರೆ, ಮದ್ದ್ ಕಡಿಕೆ ಕಾಂಬ" ಎಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಮದ್ದಿಗಿಂತ ಮೊದಲು ಹೆಸರು ಬೇಕು ಎನ್ನುತ್ತಾಳಲ್ಲ, ಹೆಸರಿನಿಂದ ಆಗುವುದಾದರೂ ಏನು? ವಾಚಕರೇ, ಅಂದಿನಿಂದ ತಿಳಿದವರನ್ನು ಕೇಳಿ, ಓದಿ, ಅವಳ ಜೊತೆಯಲ್ಲಿ ಕೆಲವು ಬಾಗಿಲುಗಳನ್ನು ತಟ್ಟಿ ನಾನು ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ ನಿಮ್ಮ ಕೇರಿಯಲ್ಲಿಯೂ ಇಂಥ ಒಂದು ಮಗು ಇದ್ದೀತು; ಆ ಮಗುವಿನ ತಾಯಿ ನಿಮ್ಮ ಜಗಲಿಗೂ ಬಂದಾಳು.

ಲೋಕದಲ್ಲಿ ಇದುವರೆಗೆ ಗುರುತಿಸಿರುವ ವಿರಳರೋಗಗಳು ಸುಮಾರು ೭,೦೦೦ ಎಂದು ಲೆಕ್ಕ. ಒಂದೊಂದೂ ಸಾವಿರಾರು ಜನರಲ್ಲಿ, ಕೆಲವು ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರತಕ್ಕದ್ದು. ಹೆಚ್ಚಿನವು ಹುಟ್ಟಿನೊಂದಿಗೇ ಬರುವಂಥವು. ಅರ್ಧಕ್ಕಿಂತ ಹೆಚ್ಚಿನವು ಎಳೆಯ ವಯಸ್ಸಿನಲ್ಲಿಯೇ ತಲೆದೋರುತ್ತವೆ. ಒಳ್ಳೆಯ ವೈದ್ಯರೊಬ್ಬರು ನಲವತ್ತು ವರ್ಷ ವೃತ್ತಿ ನಡೆಸಿದರೂ ಇವುಗಳಲ್ಲಿ ಒಂದನ್ನು ಒಮ್ಮೆಯೂ ಕಾಣದೆ ಹೋಗಬಹುದು. ಮೇಲಾಗಿ ಇಂಥ ಬೇನೆಗಳು ಬರುವಾಗ ತಮ್ಮ ವೇಷದಲ್ಲಿ ಬರುವುದಿಲ್ಲ. ಪರಿಚಿತ ಬೇನೆಗಳ ವೇಷ ಹಾಕಿಕೊಂಡು ಬರುತ್ತವೆ. ನಡೆಯುವುದು ತಡವಾಯಿತು, ಮೈ ಏಳಲಿಲ್ಲ, ಪದೇ ಪದೇ ಕೆಮ್ಮು: ಇವೆಲ್ಲ ಯಾವ ಮನೆಯಲ್ಲಿ ಇಲ್ಲ? ಆ ಹುಡುಗನ 'ಲಿವರಿನ ತೊಂದರೆ'ಯ ಕಥೆಯೂ ಅಷ್ಟೆ. ರಕ್ತದಲ್ಲಿ ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂಬ ಎರಡು ಅಂಶಗಳು ಹೆಚ್ಚಾದರೆ ಲಿವರನ್ನು ಸಂಶಯಿಸುವುದು ರೂಢಿ. ಆದರೆ ಮಾಂಸಖಂಡ ನವೆಯುತ್ತಿದ್ದರೂ ಅವೇ ಎರಡು ಅಂಶಗಳು ರಕ್ತದಲ್ಲಿ ಏರುತ್ತವೆ. ಸಿ.ಪಿ.ಕೆ. ಎಂಬ ಇನ್ನೊಂದು ಸಾಧಾರಣ ರಕ್ತಪರೀಕ್ಷೆಯನ್ನು ಮಾಡಿಸಿದರೆ ದಾರಿ ಯಾವ ಕಡೆಗೆಂದು ಎಷ್ಟೋ ಸಲ ತಿಳಿಯುತ್ತದೆ. ಅದನ್ನು ಮಾಡಿಸದೆ ಎರಡು ವರ್ಷ ಲಿವರಿನ ಔಷಧ ಕುಡಿಸಿದ್ದಾಯಿತು.

ಇದೇ ದಾರಿಯನ್ನು ನಮಗಿಂತ ಬಹಳ ಹಿಂದೆ ನಡೆದು ನಾಡಿಗೆಲ್ಲ ತಿಳಿಯುವಂತೆ ಮಾಡಿದ ಒಂದು ಸಂಸಾರ ಬೆಂಗಳೂರಿನಲ್ಲಿದೆ. ಪ್ರಸನ್ನ ಶಿರೋಳರ ಮಗಳು ನಿಧಿ ಎಳವೆಯಿಂದಲೇ ಶಕ್ತಿಗುಂದಿದ ಮಗು. ತಂದೆತಾಯಿಗಳು ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ವರ್ಷಗಟ್ಟಲೆ ಅಲೆದರು. ಅವಳಿಗೆ ಏಳು ವರ್ಷದ ಆಸುಪಾಸಿನಲ್ಲಿ, ೨೦೦೭ರಲ್ಲಿ, ಉತ್ತರ ಸಿಕ್ಕಿತು: ಪಾಂಪೆ ಕಾಯಿಲೆ. ಭಾರತದಲ್ಲಿ ಆ ಹೆಸರಿನಿಂದ ಗುರುತಿಸಲ್ಪಟ್ಟ ಮೊದಲ ರೋಗಿ ನಿಧಿ ಎಂದು ಹೇಳುತ್ತಾರೆ. ಅವಳಿಗಿಂತ ಮೊದಲು ಈ ದೇಶದಲ್ಲಿ ಆ ಬೇನೆ ಇರಲಿಲ್ಲವೆಂದು ಇದರ ಅರ್ಥವಲ್ಲ. ಬೇನೆ ಇತ್ತು, ಹೆಸರು ಮಾತ್ರ ಇರಲಿಲ್ಲ. ಎಷ್ಟು ಮಕ್ಕಳು ಹೆಸರಿಲ್ಲದೆ ಹೋದರೋ!

ಆ ಹೆಸರಿನ ಹಿಂದಿನ ಕಥೆಯನ್ನೂ ಕೇಳಬೇಕು. ಹಾಲೆಂಡಿನ ಆಂಸ್ಟರ್‌ಡಾಂ ನಗರದಲ್ಲಿ ಯೋಹಾನೆಸ್ ಪಾಂಪೆ ಎಂಬ ತರುಣ ವೈದ್ಯ ೧೯೩೦ರ ಡಿಸೆಂಬರಿನಲ್ಲಿ, ತೀರಿಕೊಂಡ ಏಳು ತಿಂಗಳ ಹೆಣ್ಣುಕೂಸೊಂದರ ಶವಪರೀಕ್ಷೆ ಮಾಡಿದ. ಹೃದಯ ಮಿತಿಮೀರಿ ಬೆಳೆದಿತ್ತು. ಮಾಂಸದ ಕಣಕಣದಲ್ಲಿಯೂ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತುಂಬಿಕೊಂಡಿತ್ತು. ೧೯೩೨ರಲ್ಲಿ ಅವನು ಅದನ್ನು ಬರೆದು ಪ್ರಕಟಿಸಿದ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಗುಪ್ತವಾಗಿ ದುಡಿದುದಕ್ಕಾಗಿ ೧೯೪೫ರ ಏಪ್ರಿಲಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ೧೯೬೩ರಲ್ಲಿ ಬೆಲ್ಜಿಯಮ್ಮಿನ ಹೆರ್ಸ್ ಎಂಬ ವಿಜ್ಞಾನಿ ಆ ಬೇನೆಯ ಕಾರಣವನ್ನು ಕಂಡುಹಿಡಿದ: ಜೀವಕೋಶದೊಳಗೆ ಗ್ಲೈಕೋಜನನ್ನು ಕರಗಿಸಬೇಕಾದ ಒಂದು ಕಿಣ್ವ ಈ ಮಕ್ಕಳಲ್ಲಿ ಇಲ್ಲ. ಕಸ ಗುಡಿಸುವ ಆಳು ಬಾರದ ಮನೆಯಂತೆ ಕೋಶ ತುಂಬುತ್ತ ಹೋಗುತ್ತದೆ, ಮಾಂಸಖಂಡ ಸೋಲುತ್ತದೆ, ಕೊನೆಗೆ ಉಸಿರೆಳೆಯುವ ಖಂಡವೂ ಸೋಲುತ್ತದೆ. ಆ ಕಿಣ್ವವನ್ನೇ ತಯಾರಿಸಿ ನರಕ್ಕೆ ಹನಿಹನಿಯಾಗಿ ಏರಿಸುವ ಔಷಧಕ್ಕೆ ಅಮೆರಿಕ, ಯುರೋಪುಗಳಲ್ಲಿ ಒಪ್ಪಿಗೆ ಸಿಕ್ಕಿದ್ದು ೨೦೦೬ರಲ್ಲಿ. ಆ ಕೂಸು ತೀರಿಕೊಂಡ ೭೬ ವರ್ಷಗಳ ಮೇಲೆ, ನಿಧಿಗೆ ಹೆಸರು ಸಿಕ್ಕಿದ ಹಿಂದಿನ ವರ್ಷ.

ಮದ್ದು ಬಂದಿತು, ಹೆಸರೂ ಬಂದಿತು. ಔಷಧದ ಬೆಲೆ ಯಾವ ಸಂಸಾರವೂ ಹೊರಲಾರದಷ್ಟಿತ್ತು; ತಯಾರಿಸುವ ಕಂಪನಿಯ ಧರ್ಮಾರ್ಥ ಯೋಜನೆಯಲ್ಲಿ ನಿಧಿಗೆ ಅದು ದೊರೆಯಿತು. ಉಸಿರಾಟದ ಯಂತ್ರವನ್ನು ಜೊತೆಯಲ್ಲಿಟ್ಟುಕೊಂಡೇ ಅವಳು ಶಾಲೆಗೆ ಹೋದಳು, ಕಾಲೇಜಿಗೂ ಹೋದಳು. ೨೦೧೭ರಲ್ಲಿ ಪ್ರಜ್ಞೆ ತಪ್ಪಿದವಳು ಮತ್ತೆ ಎಚ್ಚರಗೊಳ್ಳಲಿಲ್ಲ. ೨೦೨೩ರ ನವೆಂಬರಿನಲ್ಲಿ ತನ್ನ ೨೪ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆ ತಂದೆ ಅಷ್ಟರಲ್ಲಿ ಸುಮ್ಮನೆ ಕೂತಿರಲಿಲ್ಲ. ತನ್ನಂತೆ ಅಲೆಯುತ್ತಿರುವ ಇತರ ತಂದೆತಾಯಿಗಳಿಗಾಗಿ ಭಾರತದ ವಿರಳರೋಗಗಳ ಸಂಘಟನೆಯೊಂದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು, ಓ.ಆರ್.ಡಿ.ಐ. ಎಂದು ಅದರ ಸಂಕ್ಷಿಪ್ತನಾಮ.

ಇದರಲ್ಲಿ ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಒಂದು ಸಂಗತಿ. ಈ ಔಷಧ ಕೆಟ್ಟುಹೋದ ಮಾಂಸಖಂಡವನ್ನು ಹೊಸದಾಗಿ ಮಾಡಿ ಕೊಡುವುದಿಲ್ಲ. ಇನ್ನು ಮುಂದೆ ಕೆಡದಂತೆ ತಡೆಯುವುದರಲ್ಲಿ ಅದರ ಬಲ ಹೆಚ್ಚು. ತೈವಾನ್ ದ್ವೀಪದಲ್ಲಿ ೨೦೦೫ರಿಂದ ಹುಟ್ಟಿದ ಕೂಸುಗಳ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಕಾಗದದ ಮೇಲೆ ಒಣಗಿಸಿ ಈ ಬೇನೆಗಾಗಿ ಪರೀಕ್ಷಿಸತೊಡಗಿದರು. ಹಾಗೆ ಮೊದಲೇ ಗುರುತಿಸಿ ಔಷಧ ಕೊಟ್ಟ ಮಕ್ಕಳು, ತಡವಾಗಿ ಗುರುತಿಸಲ್ಪಟ್ಟ ಮಕ್ಕಳಿಗಿಂತ ಎಷ್ಟೋ ಚೆನ್ನಾಗಿ ನಡೆದಾಡಿದರು. ಎಂದರೆ ಹೆಸರು ಹುಡುಕುವುದರಲ್ಲಿ ಕಳೆದ ವರ್ಷಗಳು ಬರಿಯ ವರ್ಷಗಳಲ್ಲ. ಆ ಮಗುವಿನ ಮೈಯ ಮಾಂಸ.

ಎಲ್ಲ ಬೇನೆಗೂ ಹೀಗೆ ಮದ್ದು ಉಂಟೇ ಎಂದು ನೀವು ಕೇಳಬಹುದು. ಇಲ್ಲ. ವಿರಳರೋಗಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವಕ್ಕೆ ಅವುಗಳಿಗೆಂದೇ ಇರುವ ಔಷಧ ಇಲ್ಲ. ಹಾಗಿದ್ದರೂ ಹೆಸರು ಏತಕ್ಕೆ ಬೇಕೆಂಬುದಕ್ಕೆ ನಾನು ದೂರ ಹೋಗುವುದಿಲ್ಲ, ಕೊಲ್ಲೂರು ಘಟ್ಟ ಹತ್ತಿ ಸಾಗರದ ಕಡೆಗೆ ಹೋಗುತ್ತೇನೆ.

ಸಾಗರ ತಾಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. ೧೯೭೦ರ ದಶಕದ ನಡುವಿನಲ್ಲಿ ಅಲ್ಲಿಯ ಬಡ ದಲಿತ ಕೂಲಿಕಾರರ ಮನೆಗಳಲ್ಲಿ ಸೊಂಟದ ಕೀಲು, ಮೊಳಕಾಲುಗಳ ವಿಪರೀತ ನೋವಿನಿಂದ ನರಳುವವರು ಅನೇಕರಿದ್ದಾರೆಂಬುದು ಹೊರಗೆ ಬಂದಿತು. ಪ್ರಾಯದಲ್ಲಿಯೇ ಬಗ್ಗಿ ನಡೆಯುವವರು, ಕೋಲು ಹಿಡಿದವರು, ತೆವಳುವವರು. ಕೆಲವು ಮನೆಗಳಲ್ಲಿ ಎತ್ತರ ಬೆಳೆಯದೆ ಉಳಿದ ಮಕ್ಕಳು. ಬೇನೆಗೆ ಹೆಸರಿರಲಿಲ್ಲವಾದ್ದರಿಂದ ಊರಿನ ಹೆಸರನ್ನೇ ಇಟ್ಟು 'ಹಂದಿಗೋಡು ಕಾಯಿಲೆ' ಎಂದರು. ಗದ್ದೆಗಳಿಗೆ ಕೀಟನಾಶಕ ಹೊಡೆಯಲು ತೊಡಗಿದ್ದ ಕಾಲ ಅದು. ಆ ಗದ್ದೆಗಳ ಏಡಿಗಳನ್ನು ತಿಂದುದರಿಂದ ಹೀಗಾಯಿತೇ ಎಂಬ ಸಂಶಯ ಬಲವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿ ೧೯೭೭ರಲ್ಲಿ ಅದನ್ನು ಮಲೆನಾಡಿನ ಕುಟುಂಬಗತ ಸಂಧಿವಾತವೆಂದು ಬರೆದರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇನ್ನೂ ಕೆಲವು ಹಳ್ಳಿಗಳಲ್ಲಿ ಅದು ಕಂಡುಬಂದಿತು. ಅನಂತರದ ಸಂಶೋಧಕರು ಮನೆಮನೆಯ ವಂಶವೃಕ್ಷ ಬರೆದು, ಎಲುಬುಗಳ ಎಕ್ಸ್‌ರೇ ತೆಗೆದು ಹೋಲಿಸಿದರು. ೧೯೯೪ರಲ್ಲಿ ಪ್ರಕಟವಾದ ಅಧ್ಯಯನದ ನಿರ್ಣಯ ಹೀಗಿತ್ತು: ಇದು ಬೆನ್ನೆಲುಬು ಹಾಗೂ ಕೀಲೆಲುಬುಗಳ ಬೆಳವಣಿಗೆಯನ್ನೇ ಕೆಡಿಸುವ ಒಂದು ಹೊಸ ಬಗೆಯ ವಂಶಾನುಗತ ರೋಗ, ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಮಗುವಿಗೆ ಬರಬಹುದಾದದ್ದು.

ಇಷ್ಟು ತಿಳಿದುದರಿಂದ ಯಾರ ಕಾಲೂ ನೆಟ್ಟಗಾಗಲಿಲ್ಲ, ನಿಜ. ಆದರೆ ಕಾಯಿಲೆ ಅಂಟುವಂಥದಲ್ಲವೆಂದು ತಿಳಿಯಿತು. ಆ ಮನೆಯವರ ಪಕ್ಕದಲ್ಲಿ ಕೂರುವುದಕ್ಕೆ ಹೆದರಬೇಕಾಗಿಲ್ಲವೆಂದು ತಿಳಿಯಿತು. ತಿಂದ ಏಡಿಯನ್ನೂ ಮಾಡಿದ ಪಾಪವನ್ನೂ ನೆನೆದು ಕೊರಗುವುದು ತಪ್ಪಬೇಕಾಗಿತ್ತು. ತಪ್ಪಿತೇ ಎಂದು ಕೇಳಿದರೆ, ಕಾಗದದಲ್ಲಿ ಅಚ್ಚಾದುದು ಹಳ್ಳಿಯ ಹಟ್ಟಿಗೆ ತಲಪುವುದಕ್ಕೆ ಬಹಳ ಕಾಲ ಬೇಕಾಗುತ್ತದೆ.

ನಮ್ಮ ಕಡೆ ಏನಾಗುತ್ತದೆಂಬುದು ನಿಮಗೆ ತಿಳಿದೇ ಇದೆ. ಮಗುವಿಗೆ ಕಾರಣ ತಿಳಿಯದ ಬೇನೆ ಬಂತೆಂದರೆ ಮೊದಲು ನಾಗನ ಲೆಕ್ಕ, ಆಮೇಲೆ ದರ್ಶನ, ಪ್ರಶ್ನೆ. ನಾನು ಅವುಗಳನ್ನು ಹಳಿಯುವವನಲ್ಲ. ನಮ್ಮ ಮನೆಯಲ್ಲಿಯೂ ತನು ಹೊಯ್ಯುವುದುಂಟು. ದೇವರ ಮುಂದೆ ಕೈಮುಗಿದು ನಿಂತ ತಾಯಿಗೆ ಅಷ್ಟು ಹೊತ್ತು ಸಮಾಧಾನ ಸಿಕ್ಕಿದರೆ ಅದನ್ನು ಕಿತ್ತುಕೊಳ್ಳಲು ನನಗೇನು ಅಧಿಕಾರ? ಆದರೆ ಕೊನೆಯಲ್ಲಿ ದೂರು ಬಂದು ನಿಲ್ಲುವುದು ತಾಯಿಯ ತಲೆಯ ಮೇಲೆ. ಬಸುರಿಯಲ್ಲಿ ಗ್ರಹಣ ನೋಡಿದಳು, ಪಥ್ಯ ಮಾಡಲಿಲ್ಲ, ಅವಳ ಮನೆತನದಲ್ಲಿ ಏನೋ ಇದೆ. ನಮ್ಮ ಹುಡುಗನ ತಾಯಿ ಇದನ್ನು ಆರು ವರ್ಷ ಕೇಳಿದ್ದಳು. ಹೆಸರು ಬೇಕೆಂದು ಅವಳು ಕೇಳಿದುದರ ಒಳಗೆ ಇದೂ ಇತ್ತೆಂದು ನನಗೆ ಗೊತ್ತಾದದ್ದು ತಡವಾಗಿ.

ಈಗ, ಆ ಹೆಸರನ್ನು ಹುಡುಕುವುದು ಹೇಗೆ? ಇಲ್ಲಿ ನನ್ನ ಹಳೆಯ ವಿದ್ಯೆ ಸ್ವಲ್ಪ ಸಹಾಯಕ್ಕೆ ಬಂದಿತು. ನಮ್ಮ ದೇಹದ ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ. ಎಂಬ ದೊಡ್ಡ ಗ್ರಂಥವೊಂದಿದೆ ಎಂದು ತಿಳಿಯಿರಿ. ಅದರ ಅಕ್ಷರಮಾಲೆಯಲ್ಲಿ ನಾಲ್ಕೇ ಅಕ್ಷರ. ಗ್ರಂಥದ ಉದ್ದ ಮಾತ್ರ ಸುಮಾರು ೩೦೦ ಕೋಟಿ ಅಕ್ಷರ. ಅದರಲ್ಲಿ ದೇಹವನ್ನು ಕಟ್ಟುವ ವಿಧಿವಾಕ್ಯಗಳು, ಎಂದರೆ ವಂಶವಾಹಿಗಳು, ಸುಮಾರು ೨೦,೦೦೦. ಪ್ರತಿಯೊಬ್ಬನಲ್ಲಿಯೂ ಈ ಗ್ರಂಥದ ಎರಡು ಪ್ರತಿಗಳಿರುತ್ತವೆ, ಒಂದು ತಂದೆಯ ಕಡೆಯದು, ಒಂದು ತಾಯಿಯ ಕಡೆಯದು.

ತಾಳೆಗರಿಯ ಪ್ರತಿ ಮಾಡುವ ಲಿಪಿಕಾರ ಎಷ್ಟೇ ಎಚ್ಚರದವನಾದರೂ ಅಲ್ಲಲ್ಲಿ ಕೈತಪ್ಪುತ್ತಾನೆ. ಒಂದಕ್ಷರ ಬಿಡುತ್ತಾನೆ, ಇಲ್ಲದ ಒಂದಕ್ಷರ ಸೇರಿಸುತ್ತಾನೆ, ಒಂದರ ಬದಲಿಗೆ ಇನ್ನೊಂದನ್ನು ಬರೆಯುತ್ತಾನೆ. ವ್ಯಾಕರಣದಲ್ಲಿ ನಾವು ಮಕ್ಕಳಿಗೆ ಲೋಪ, ಆಗಮ, ಆದೇಶ ಎಂದು ಹೇಳಿಕೊಡುವುದು ಇವನ್ನೇ. ತಳಿವಿಜ್ಞಾನಿಗಳು ಡಿ.ಎನ್.ಎ.ಯ ತಪ್ಪುಗಳಿಗೆ ಮಾಡಿರುವ ವಿಂಗಡಣೆಯಲ್ಲಿಯೂ ಈ ಮೂರೇ ಮುಖ್ಯವಾದವೆಂದು ತಿಳಿದಾಗ ನನಗಾದ ಸಂತೋಷವನ್ನು ನೀವು ಕ್ಷಮಿಸಬೇಕು. ಎಲ್ಲ ಬದಲಾವಣೆಯೂ ಕೆಡುಕಲ್ಲ. 'ತಾಮರೆ' ಎಂದು ಒಂದು ಪ್ರತಿಯಲ್ಲಿದ್ದು 'ತಾವರೆ' ಎಂದು ಇನ್ನೊಂದರಲ್ಲಿದ್ದರೆ ಹೂವೇನೂ ಬಾಡುವುದಿಲ್ಲ, ಅದು ಪಾಠಾಂತರ. 'ಹಾಲು' ಇರಬೇಕಾದಲ್ಲಿ 'ಹಾಳು' ಎಂದು ಬಿದ್ದರೆ ಅದು ಅಪಪಾಠ, ವಾಕ್ಯವೇ ಕೆಟ್ಟಿತು. ಮನುಷ್ಯರ ಗ್ರಂಥಗಳನ್ನು ಒಂದಕ್ಕೊಂದು ಹೋಲಿಸಿದರೆ ಲಕ್ಷಗಟ್ಟಲೆ ಪಾಠಾಂತರಗಳು ಸಿಗುತ್ತವೆ. ಆ ರಾಶಿಯಲ್ಲಿ ಬೇನೆಗೆ ಕಾರಣವಾದ ಒಂದೋ ಎರಡೋ ಅಪಪಾಠಗಳನ್ನು ಹುಡುಕುವುದೇ ಈಗಿನ ತಳಿಪರೀಕ್ಷೆ.

ಇಡೀ ಗ್ರಂಥವನ್ನು ಮೊದಲ ಸಲ ಓದಲು ಲೋಕದ ವಿಜ್ಞಾನಿಗಳೆಲ್ಲ ಸೇರಿ ೧೯೯೦ರಿಂದ ೨೦೦೩ರ ವರೆಗೆ ದುಡಿದರು. ಈಗ ಅದರ ನೂರರಲ್ಲಿ ಒಂದೆರಡು ಪಾಲಿನಷ್ಟಿರುವ ವಿಧಿವಾಕ್ಯಗಳ ಭಾಗವನ್ನು ಮಾತ್ರ ಓದುವ ಪರೀಕ್ಷೆ ಇದೆ. ಎಕ್ಸೋಮ್ ಪರೀಕ್ಷೆ ಎನ್ನುತ್ತಾರೆ. ಸ್ವಲ್ಪ ರಕ್ತ ಸಾಕು, ಕೆಲವು ವಾರಗಳಲ್ಲಿ ವರದಿ ಬರುತ್ತದೆ, ಖರ್ಚು ಕೆಲವು ಹತ್ತು ಸಾವಿರ ರೂಪಾಯಿ. ಮಗುವಿನ ರಕ್ತದ ಜೊತೆಗೆ ತಂದೆತಾಯಿಗಳದನ್ನೂ ಕೇಳುವುದುಂಟು. ಏಕೆಂದರೆ ಮೂರು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಪ್ಪು ಎಲ್ಲಿಂದ ಬಂತೆಂದು ಸ್ಪಷ್ಟವಾಗುತ್ತದೆ. ಪಾಂಪೆಯಂಥ ಬೇನೆಗಳಲ್ಲಿ ತಂದೆ, ತಾಯಿ ಇಬ್ಬರಲ್ಲಿಯೂ ಒಂದೊಂದು ಪ್ರತಿ ಕೆಟ್ಟಿರುತ್ತದೆ. ಇನ್ನೊಂದು ಸರಿಯಿರುವುದರಿಂದ ಅವರಿಗೆ ಏನೂ ಆಗಿರುವುದಿಲ್ಲ. ಕೆಟ್ಟವೆರಡೂ ಒಂದೇ ಮಗುವಿಗೆ ಬಂದಾಗ ಬೇನೆ. ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಹಾಗಾಗುವ ಸಂಭವ. 'ಒಂದಕ್ಕೆ ಆಯಿತಲ್ಲ, ಇನ್ನು ಮೂರಕ್ಕೆ ಭಯವಿಲ್ಲ' ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ತಪ್ಪು, ಪ್ರತಿ ಸಲವೂ ಲೆಕ್ಕ ಹೊಸದು. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾದವರಲ್ಲಿ ಇಬ್ಬರಿಗೂ ಒಂದೇ ಅಜ್ಜನ ಕೆಟ್ಟ ಪ್ರತಿ ಬಂದಿರುವ ಸಂಭವ ಹೆಚ್ಚು. ಆದರೆ ಸಂಬಂಧವೇ ಇಲ್ಲದವರಲ್ಲಿಯೂ ಇದು ಆಗುತ್ತದೆ. ಇನ್ನು ಕೆಲವು ಮಕ್ಕಳಲ್ಲಿ ತಪ್ಪು ತಂದೆಯ ಪ್ರತಿಯಲ್ಲಿಯೂ ಇರುವುದಿಲ್ಲ, ತಾಯಿಯ ಪ್ರತಿಯಲ್ಲಿಯೂ ಇರುವುದಿಲ್ಲ. ಪ್ರತಿ ಮಾಡುವಾಗ ಆಕಸ್ಮಿಕವಾಗಿ ಹೊಸದಾಗಿ ಬಿದ್ದಿರುತ್ತದೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ, ಅತ್ತೆಯ ಮಾತಿಗೂ ಅದಕ್ಕೂ ಸಂಬಂಧವಿಲ್ಲ.

ಆದರೆ ಪರೀಕ್ಷೆ ಮಾಡಿಸಿದ ಮಾತ್ರಕ್ಕೆ ಉತ್ತರ ಬಂದೇ ಬರುತ್ತದೆಂದು ಯಾರೂ ನಿಮಗೆ ಮಾತು ಕೊಡಲಾರರು. ಮೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಮಾತ್ರ ಖಚಿತವಾದ ಹೆಸರು ಸಿಗುತ್ತದೆ. ಉಳಿದವರಲ್ಲಿ ಕೆಲವರಿಗೆ ಏನೂ ಸಿಗುವುದಿಲ್ಲ. ಕೆಲವರಿಗೆ ಪಾಠವೋ ಅಪಪಾಠವೋ ನಿರ್ಣಯಿಸಲಾರದ ಒಂದು ಅಕ್ಷರ ಸಿಗುತ್ತದೆ. ಸಂಪಾದಕನಿಗೆ ಹೋಲಿಸಲು ಹೆಚ್ಚು ಓಲೆಪ್ರತಿಗಳು ಸಿಕ್ಕಿದಷ್ಟೂ ನಿರ್ಣಯ ಸುಲಭ. ಲೋಕದ ಭಂಡಾರದಲ್ಲಿ ಇದುವರೆಗೆ ಕೂಡಿರುವ ಪ್ರತಿಗಳು ಹೆಚ್ಚಾಗಿ ಯುರೋಪಿನ ಮೂಲದವರದು, ನಮ್ಮವರದು ಕಡಿಮೆ. ೧೦,೦೦೦ ಭಾರತೀಯರ ಗ್ರಂಥಗಳನ್ನು ಓದುವ ಜೀನೋಮ್‌ಇಂಡಿಯಾ ಯೋಜನೆ ಮುಗಿದು, ಅದರ ಸಾಮಗ್ರಿ ಸಂಶೋಧಕರಿಗೆ ತೆರೆದದ್ದು ೨೦೨೫ರ ಜನವರಿಯಲ್ಲಿ. ಆದಕಾರಣ ಇಂದು ಅರ್ಥವಾಗದ ವರದಿ ಎರಡು ವರ್ಷ ಬಿಟ್ಟು ಅರ್ಥವಾಗಬಹುದು. ಅಮೆರಿಕದಲ್ಲಿ ೨೦೦೮ರಲ್ಲಿ ಇಂಥ ಹೆಸರಿಲ್ಲದ ಬೇನೆಯವರಿಗಾಗಿಯೇ ಸರಕಾರದ ಒಂದು ವಿಭಾಗ ತೆರೆದರು. ಅಲ್ಲಿಯೂ ಎಲ್ಲ ಸಲಕರಣೆಗಳಿದ್ದು ಹೆಸರು ಸಿಗದೆ ಹಿಂದಿರುಗುವವರೇ ಹೆಚ್ಚು.

ಯಂತ್ರ ಎಷ್ಟೇ ದೊಡ್ಡದಾಗಲಿ, ಎಲ್ಲಿ ಹುಡುಕಬೇಕೆಂದು ಅದಕ್ಕೆ ಹೇಳಬೇಕಾದವರು ಮಗುವನ್ನು ನೋಡಿದವರು. ಇದನ್ನು ನನಗೆ ಮನದಟ್ಟು ಮಾಡಿದವರು ಒಬ್ಬ ತಳಿವೈದ್ಯರು. ನಮ್ಮ ಹುಡುಗನ ತಾಯಿಯನ್ನು ಅವರು ಕೇಳಿದ ಪ್ರಶ್ನೆಗಳು ಬಹಳ ಸಣ್ಣವು. ಕುತ್ತಿಗೆ ನಿಂತದ್ದು ಯಾವಾಗ? ಮೊದಲು ಬರುತ್ತಿದ್ದು ಈಗ ಬಾರದೆ ಹೋದುದು ಯಾವುದಾದರೂ ಇದೆಯೇ? ನೆಲದಿಂದ ಏಳುವಾಗ ಕೈಯನ್ನು ಎಲ್ಲಿ ಊರುತ್ತಾನೆ? ಕಡೆಯ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು: ಮೊದಲು ನೆಲಕ್ಕೆ, ಆಮೇಲೆ ಮೊಳಕಾಲಿಗೆ, ಆಮೇಲೆ ತೊಡೆಗೆ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುವ ಹಾಗೆ. ಜಗಲಿಯಲ್ಲಿ ನಾನದನ್ನು ನೋಡಿದ್ದೆ, ಅರ್ಥವಾಗಿರಲಿಲ್ಲ. ಸೊಂಟ, ತೊಡೆಗಳ ಖಂಡ ಸೋತಿದೆ ಎಂಬುದರ ಗುರುತು ಅದು. ಲಂಡನ್ನಿನ ಗವರ್ಸ್ ಎಂಬ ವೈದ್ಯ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವರ್ಣಿಸಿದ್ದಾನೆ. ಒಂದನೆಯ ತರಗತಿಯ ಮಾಷ್ಟ್ರಿಗೆ ಇದೊಂದು ತಿಳಿದಿದ್ದರೆ ಎಷ್ಟೋ ಮಕ್ಕಳು ಎರಡು ವರ್ಷ ಮೊದಲೇ ಸರಿಯಾದ ಕಡೆಗೆ ಹೋಗುತ್ತಿದ್ದರು.

ಆದ್ದರಿಂದ ನಿಮ್ಮಲ್ಲಿ ಯಾರಿಗಾದರೂ ಇಂಥ ಮಗುವಿದ್ದರೆ ಇಂದೇ ಒಂದು ನೂರು ಪುಟದ ಬರೆಯುವ ಪುಸ್ತಕ ಕೊಳ್ಳಿರಿ. ನಕ್ಕದ್ದು, ಕೂತದ್ದು, ನಡೆದದ್ದು, ಮಾತಾಡಿದ್ದು, ಬಿದ್ದದ್ದು, ಎಲ್ಲ ತಿಂಗಳು ಸಹಿತ ಬರೆಯಿರಿ. ತಾಯಿ ಕಾರ್ಡಿನಲ್ಲಿರುವ ತೂಕ ಎತ್ತರಗಳನ್ನು ಇಳಿಸಿಕೊಳ್ಳಿರಿ. ಅಜ್ಜ ಅಜ್ಜಿಯರಿಂದ ತೊಡಗಿ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಹುಟ್ಟಿ ತೀರಿಕೊಂಡ ಕೂಸುಗಳನ್ನು, ಇಳಿದುಹೋದ ಬಸಿರುಗಳನ್ನು ಬಿಡಬೇಡಿರಿ. ಸಂಬಂಧದೊಳಗಿನ ಮದುವೆಯಾಗಿದ್ದರೆ ಮುಚ್ಚಬೇಡಿರಿ, ವೈದ್ಯರು ಅದನ್ನು ನಿಮ್ಮ ತಪ್ಪು ಹಿಡಿಯಲು ಕೇಳುವುದಿಲ್ಲ. ಬಂದು ಹೋಗುವ ನಡುಕವೋ ಸೆಳೆತವೋ ಇದ್ದರೆ ಮೊಬೈಲಿನಲ್ಲಿ ಚಿತ್ರ ಹಿಡಿದಿಡಿರಿ. ವೈದ್ಯರ ಮುಂದೆ ಅದು ಕೇಳಿದಾಗ ಬರುವುದಿಲ್ಲ. ಹಳೆಯ ಚೀಟಿಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಡಿರಿ. ಆ ಪ್ಲಾಸ್ಟಿಕ್ ತೊಟ್ಟೆಯ ಕಾಗದಗಳನ್ನು ಕ್ರಮವಾಗಿ ಜೋಡಿಸಲು ನನಗೂ ಅವಳಿಗೂ ಎರಡು ಸಾಯಂಕಾಲ ಹಿಡಿಯಿತು; ವೈದ್ಯರು ಹದಿನೈದು ನಿಮಿಷದಲ್ಲಿ ಓದಿ ಮುಗಿಸಿದರು.

ಹೋಗುವುದೆಲ್ಲಿಗೆ? ೨೦೧೩ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಅಂಗನವಾಡಿಗೂ ಶಾಲೆಗೂ ಬರುತ್ತಾರೆ. ಸಂಶಯವಿದ್ದ ಮಗುವನ್ನು ಅವರ ಮೂಲಕ ಜಿಲ್ಲಾಸ್ಪತ್ರೆಗೆ ಕಳಿಸಬಹುದು. ನಮ್ಮ ಕರಾವಳಿಯವರ ಭಾಗ್ಯಕ್ಕೆ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ತಳಿವೈದ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಉಪ್ಪುಂದದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಹಿಂದಿರುಗಬಹುದು. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಕೂಡಿ ವಿರಳರೋಗಗಳ ಉತ್ಕೃಷ್ಟತಾ ಕೇಂದ್ರವಾಗಿವೆ. ಕೇಂದ್ರ ಸರಕಾರ ೨೦೨೧ರ ಮಾರ್ಚಿನಲ್ಲಿ ಹೊರಡಿಸಿದ ವಿರಳರೋಗಗಳ ನೀತಿಯ ಪ್ರಕಾರ, ಪಟ್ಟಿಯಲ್ಲಿರುವ ರೋಗಗಳಿಗೆ ಇಂಥ ಕೇಂದ್ರಗಳ ಮೂಲಕ ೫೦ ಲಕ್ಷ ರೂಪಾಯಿಗಳ ವರೆಗೆ ಸಹಾಯ ಸಿಗಬಹುದು. ಪಾಂಪೆಯೂ ಆ ಪಟ್ಟಿಯಲ್ಲಿದೆ. ಜೀವನಪರ್ಯಂತ ತೂಕಕ್ಕೆ ತಕ್ಕಂತೆ ಕೊಡಬೇಕಾದ ಔಷಧಕ್ಕೆ ಅದು ಎಲ್ಲಿಗೆ ಸಾಲುತ್ತದೆ ಎಂಬುದು ಬೇರೆ ಮಾತು. ಪಟ್ಟಿಯಲ್ಲಿರುವುದು ಹೆಸರುಗಳು ಎಂಬುದನ್ನು ಗಮನಿಸಿರಿ. ಹೆಸರಿಲ್ಲದ ಮಗು ಆ ಬಾಗಿಲಿನವರೆಗೂ ಹೋಗಲಾರದು.

ಒಂದು ಬಾಗಿಲು ಮಾತ್ರ ಹೆಸರಿಲ್ಲದೆಯೂ ತೆರೆಯುತ್ತದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಮೇರೆಗೆ ಪ್ರಮಾಣಪತ್ರ ಕೊಡುವಾಗ ಮುಖ್ಯವಾಗಿ ನೋಡುವುದು ಮಗುವಿಗೆ ಏನು ಮಾಡಲಾಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು. ಅಂಗವೈಕಲ್ಯ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಿದ್ದರೆ ಸವಲತ್ತುಗಳು ಸಲ್ಲುತ್ತವೆ. ಉತ್ತರ ಸಿಗಲೆಂದು ಕಾಯುತ್ತ ಇದನ್ನು ಮಾಡಿಸದೆ ಬಿಟ್ಟವರನ್ನು ನಾನು ಕಂಡಿದ್ದೇನೆ. ವ್ಯಾಯಾಮ, ಉಸಿರಾಟದ ಆರೈಕೆ, ಬೆನ್ನು ಬಾಗದಂತೆ ನೋಡಿಕೊಳ್ಳುವುದು, ಇವಕ್ಕೂ ಹೆಸರು ಬರುವ ತನಕ ಕಾಯಬೇಕಾಗಿಲ್ಲ. ಶಾಲೆಗೆ ಅಂತೂ ಕಾಯಲೇಬಾರದು.

ನಮ್ಮ ಹುಡುಗನ ವರದಿ ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ಬಂದಿತು. ಮಾಂಸಖಂಡಕ್ಕೆ ಸಂಬಂಧಿಸಿದ ಒಂದು ವಂಶವಾಹಿಯಲ್ಲಿ ಒಂದಕ್ಷರದ ಆದೇಶ. ಪಾಠವೋ ಅಪಪಾಠವೋ ಈಗ ಹೇಳಲಾಗದು. ಆ ಆದೇಶ ತಂದೆಯಲ್ಲಿಯೂ ಇಲ್ಲ, ತಾಯಿಯಲ್ಲಿಯೂ ಇಲ್ಲ. ವೈದ್ಯರು ನಿಧಾನವಾಗಿ ಎರಡು ಸಲ ವಿವರಿಸಿದರು. ಅವಳ ಗಂಡ ನೆಲ ನೋಡುತ್ತಿದ್ದ. ಅವಳು ಒಂದೇ ಪ್ರಶ್ನೆ ಕೇಳಿದಳು: "ಹಂಗಾರ್ ಇದ್ ನನ್ ಕಡಿಂದ ಬಂದದ್ದಲ್ದಾ?" ಅಲ್ಲ ಎಂದರು. ಅದನ್ನು ಕಾಗದದಲ್ಲಿ ಬರೆದು ಕೊಡಿ ಎಂದಳು. ಅವರು ಬರೆದು ಕೊಟ್ಟರು, ಕನ್ನಡದಲ್ಲಿಯೇ.

ಎರಡು ವರ್ಷ ಬಿಟ್ಟು ವರದಿಯನ್ನು ಮತ್ತೆ ಪರಿಶೀಲಿಸುತ್ತಾರೆ. ಹುಡುಗ ಈಗ ಮೂರನೆಯ ತರಗತಿ. ಹೆಡ್‌ಮಾಷ್ಟ್ರು ಅವನ ತರಗತಿಯನ್ನು ಮೆಟ್ಟಿಲಿಲ್ಲದ ಕೋಣೆಗೆ ಬದಲಾಯಿಸಿದ್ದಾರೆ. ಬರೆಯುವ ಪುಸ್ತಕ ಎರಡನೆಯದು ನಡೆಯುತ್ತಿದೆ. ಮೊನ್ನೆ ಅವಳು ತಂದು ತೋರಿಸಿದಾಗ ಕಡೆಯ ಸಾಲಿನಲ್ಲಿ ಬರೆದಿದ್ದಳು: ತೇರಿನ ದಿನ ದೇವಸ್ಥಾನದಿಂದ ಪೇಟೆಯ ತನಕ ನಡೆದ, ಎರಡು ಕಡೆ ಕೂತ. 'ಕೂತ' ಎಂಬುದನ್ನು 'ಕುತ' ಎಂದು ಬರೆದಿದ್ದಳು. ನಾನು ತಿದ್ದಲಿಲ್ಲ.